ಮೊಹರಂ ಒಂದನೇ ತಾರೀಖು: ಹಿಜ್ರಿ ಹೊಸ ವರ್ಷದ ಸಾಧನೆಯ ಇತಿಹಾಸ

ಹಿಜ್ರಿ ಶಕೆಯ ಹೊಸ ವರ್ಷ ಮೊಹರಂ ತಿಂಗಳ ಮೊದಲ ದಿನ ಆರಂಭವಾಗುತ್ತದೆ. ರಂಜಾನ್, ಬಕ್ರೀದ್ ಹಬ್ಬಗಳಿಗೆ ಇರುವಂಥ ವಿಶೇಷ ನಮಾಜು ಈ ದಿನಕ್ಕೆ ವಿಧಿಸಿಲ್ಲ. ಆದರೂ ಕಳೆದ ವರ್ಷದ ತಪ್ಪುಗಳಿಗೆ ತೌಬಾ (ಪಶ್ಚಾತ್ತಾಪ) ಮಾಡಿ, ನಡುವೆ ಬಿಟ್ಟುಹೋದ ನಮಾಜು, ರೋಜಾ, ಕುರ್‌ಆನ್ ಪಠಣಗಳನ್ನು ಮತ್ತೆ ಹಿಡಿಯುವ ಹೊತ್ತೆಂದು ಹಲವು ನಾಡುಗಳ ಮುಸ್ಲಿಮರು ಇದನ್ನು ಕಾಣುತ್ತಾರೆ. ಈ ದಿನಕ್ಕೆ ಹೊಸ ವರ್ಷದ ಪಟ್ಟ ಸಿಕ್ಕಿದ್ದು ಮಾತ್ರ ಆಡಳಿತದ ಕಾಗದಪತ್ರಗಳ ಗೊಂದಲದಿಂದ.

ಪ್ರವಾದಿ ಮುಹಮ್ಮದರ ಕಾಲದ ಅರೇಬಿಯಾದಲ್ಲಿ ತಿಂಗಳುಗಳಿಗೆ ಹೆಸರಿತ್ತು, ವರ್ಷಗಳಿಗೆ ಸಂಖ್ಯೆ ಇರಲಿಲ್ಲ. ದೊಡ್ಡ ಘಟನೆಯೊಂದನ್ನು ನೆನೆದು 'ಆನೆಯ ವರ್ಷ' ಎಂಬಂತೆ ಗುರುತಿಸುತ್ತಿದ್ದರು. ಎರಡನೆಯ ಖಲೀಫ ಉಮರ್ ಅವರ ಕಾಲಕ್ಕೆ ರಾಜ್ಯ ಇರಾಕ್, ಸಿರಿಯಾಗಳವರೆಗೆ ಹಬ್ಬಿತ್ತು. ಖಲೀಫರಿಂದ ಬರುವ ಪತ್ರಗಳಲ್ಲಿ ತಾರೀಖು ಇರುವುದಿಲ್ಲವೆಂದು ಪ್ರಾಂತಾಧಿಕಾರಿ ಅಬೂ ಮೂಸಾ ಅಲ್ ಅಶ್ಅರಿ ಬರೆದು ತಿಳಿಸಿದರೆಂದು ಹಳೆಯ ಚರಿತ್ರಕಾರರು ಹೇಳುತ್ತಾರೆ. 'ಶಅಬಾನ್' ಎಂದಷ್ಟೇ ಬರೆದ ಪತ್ರವೊಂದು ಉಮರ್ ಅವರ ಕೈಗೆ ಬಂದಾಗ, ಇದು ಕಳೆದ ಶಅಬಾನೋ ಬರುವ ಶಅಬಾನೋ ಎಂದು ಅವರು ಕೇಳಿದರೆಂಬ ಕಥೆಯೂ ಇದೆ. 638ರ ಸುಮಾರಿಗೆ ಸಮಾಲೋಚನೆ ನಡೆಯಿತು. ಪ್ರವಾದಿಗಳ ಜನನ, ಪ್ರವಾದಿತ್ವದ ಆರಂಭ, ನಿಧನ ಎಲ್ಲವೂ ಚರ್ಚೆಗೆ ಬಂದು, ಕೊನೆಗೆ 622ರಲ್ಲಿ ಮಕ್ಕಾದಿಂದ ಮದೀನಾಕ್ಕೆ ನಡೆದ ವಲಸೆ, ಅಂದರೆ ಹಿಜ್ರತ್, ಒಪ್ಪಿಗೆಯಾಯಿತು. ಹುಟ್ಟು ಸಾವುಗಳನ್ನು ಬಿಟ್ಟು, ಮನೆಮಾರು ತೊರೆದು ಸಮುದಾಯ ಕಟ್ಟಿದ ಘಟನೆಯನ್ನು ಆರಿಸಿದ್ದು ಮುಂದಿನ ಶತಮಾನಗಳ ಧಾರ್ಮಿಕ ಚಿಂತನೆಗೆ ದೊಡ್ಡ ಕೊಡುಗೆಯಾಯಿತು. ಕೆಟ್ಟದ್ದನ್ನು ಬಿಟ್ಟು ಹೊರಡುವುದೂ ಒಂದು ಹಿಜ್ರತ್ತೇ ಎಂದು ಹೊಸ ವರ್ಷದ ಪ್ರವಚನಗಳು ಇಂದಿಗೂ ವಿವರಿಸುತ್ತವೆ.

ವಲಸೆ ನಡೆದದ್ದು ರಬೀಉಲ್ ಅವ್ವಲ್ ತಿಂಗಳಲ್ಲಿ. ವರ್ಷಾರಂಭವನ್ನು ಮಾತ್ರ ಮೊಹರಮ್ಮಿಗೆ ಇಟ್ಟುಕೊಂಡರು. ಹಜ್ ಯಾತ್ರಿಕರು ಊರಿಗೆ ಮರಳುವ ತಿಂಗಳದು. ಕುರ್‌ಆನ್ ಪವಿತ್ರವೆಂದು ಹೇಳುವ ನಾಲ್ಕು ತಿಂಗಳುಗಳಲ್ಲಿಯೂ ಒಂದು. ಚಾಂದ್ರಮಾನ ವರ್ಷಕ್ಕೆ 354 ಅಥವಾ 355 ದಿನ. ಅಧಿಕ ಮಾಸ ಸೇರಿಸುವುದನ್ನು ಕುರ್‌ಆನ್ ನಿಷೇಧಿಸಿದ್ದರಿಂದ ಹೊಸ ವರ್ಷ ಎಲ್ಲ ಋತುಗಳಲ್ಲೂ ಸುತ್ತಿ ಬರುತ್ತದೆ. 2008ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ಎರಡು ಹಿಜ್ರಿ ವರ್ಷಗಳು ಆರಂಭವಾದವು. ಸುಗ್ಗಿಗೂ ಮಳೆಗೂ ಇದು ಅಂಟಿಕೊಳ್ಳಲಿಲ್ಲ.

ಮೊಹರಂ ತಿಂಗಳಿನ ಅತಿ ಹಳೆಯ ಸಾಧನೆಯೆಂದರೆ ಹತ್ತನೆಯ ದಿನದ ಆಶೂರಾ ಉಪವಾಸ. ಫರೋವನಿಂದ ಮೂಸಾ ಪಾರಾದ ನೆನಪಿಗೆ ಮದೀನಾದ ಯಹೂದಿಗಳು ಉಪವಾಸವಿದ್ದುದನ್ನು ಕಂಡು, ಪ್ರವಾದಿಗಳು ತಾವೂ ಇದ್ದು ಅನುಯಾಯಿಗಳಿಗೂ ಹೇಳಿದರೆಂದು ಹದೀಸ್ ಸಂಗ್ರಹಗಳು ದಾಖಲಿಸುತ್ತವೆ. ರಂಜಾನ್ ರೋಜಾ ಕಡ್ಡಾಯವಾದ ಮೇಲೆ ಇದು ಐಚ್ಛಿಕವಾಯಿತು. ರಂಜಾನಿನ ನಂತರ ಮೊಹರಮ್ಮಿನ ಉಪವಾಸವೇ ಶ್ರೇಷ್ಠ, ಆಶೂರಾ ಉಪವಾಸ ಹಿಂದಿನ ಒಂದು ವರ್ಷದ ಪಾಪವನ್ನು ತೊಳೆಯುತ್ತದೆ ಎಂಬ ಹದೀಸ್‌ಗಳು ವರ್ಷಾರಂಭದ ಭಕ್ತಿಗೆ ಬುನಾದಿಯಾದವು. ಅನೇಕ ಸುನ್ನಿಗಳು ಒಂಬತ್ತನೆಯ ದಿನವನ್ನೂ ಸೇರಿಸಿಕೊಂಡು ರೋಜಾ ಇರುತ್ತಾರೆ.

680ರ ಅಕ್ಟೋಬರ್ 10ರಂದು, ಇದೇ ಆಶೂರಾ ದಿನ, ಪ್ರವಾದಿಗಳ ಮೊಮ್ಮಗ ಹುಸೇನರು ಕರ್ಬಲಾದಲ್ಲಿ ಹತರಾದರು. ಶಿಯಾ ಸಮುದಾಯಕ್ಕೆ ಅಂದಿನಿಂದ ವರ್ಷ ಶುರುವಾಗುವುದೇ ಶೋಕದಿಂದ. ಮಜ್ಲಿಸ್‌ಗಳಲ್ಲಿ ಕೂತು ಅಳುವುದು ಅಲ್ಲಿ ದುಃಖವಷ್ಟೇ ಅಲ್ಲ, ಅನ್ಯಾಯದ ಎದುರು ತಾನೆಲ್ಲಿ ನಿಂತಿದ್ದೇನೆ ಎಂದು ಪ್ರತಿ ವರ್ಷ ಕೇಳಿಕೊಳ್ಳುವ ಸಾಧನೆಯೂ ಹೌದು.

ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವ 'ಮುಹಾಸಬಾ' ಬೇರೆ ದಾರಿಯಿಂದ ಬಂದು ಇಲ್ಲಿ ಸೇರಿತು. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಹಾರಿಸ್ ಅವರಿಗೆ ಮುಹಾಸಿಬಿ ಎಂಬ ಹೆಸರೇ ಈ ಸಾಧನೆಯಿಂದ ಬಂತು. ಇದಕ್ಕೆ ಖಚಿತ ಕ್ರಮ ಕೊಟ್ಟವರು ಇಮಾಮ್ ಗಝಾಲಿ (1058–1111). ಅವರ 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಬುದ್ಧಿಯು ವ್ಯಾಪಾರಿ, ಮನಸ್ಸು ಅದರ ಪಾಲುದಾರ, ಆಯುಷ್ಯವೇ ಬಂಡವಾಳ. ಬೆಳಗ್ಗೆ ಪಾಲುದಾರನೊಂದಿಗೆ ಕರಾರು, ಹಗಲಿಡೀ ಅವನ ಮೇಲೆ ನಿಗಾ, ರಾತ್ರಿ ಲಾಭನಷ್ಟದ ತಪಾಸಣೆ, ತಪ್ಪಿದ್ದರೆ ದಂಡ. ಗಝಾಲಿ ಹೇಳಿದ್ದು ದಿನದಿನದ ಲೆಕ್ಕ. ಅದನ್ನು ವರ್ಷದ ಕೊನೆಗೂ ಒಗ್ಗಿಸಿಕೊಂಡದ್ದು ನಂತರದವರು. ವರ್ಷದ ಕಾಲಕಾಲಕ್ಕೆ ಮಾಡಬೇಕಾದ ಸಾಧನೆಗಳ ಬಗ್ಗೆ ಹದಿನಾಲ್ಕನೆಯ ಶತಮಾನದ ಡಮಾಸ್ಕಸ್ಸಿನ ವಿದ್ವಾಂಸ ಇಬ್ನ್ ರಜಬ್ ಬರೆದ 'ಲತಾಇಫುಲ್ ಮಆರಿಫ್' ಮೊಹರಮ್ಮಿನಿಂದಲೇ ತೊಡಗುತ್ತದೆ.

ಈಜಿಪ್ಟಿನ ಫಾತಿಮಿ ಖಲೀಫರು ಹೊಸ ವರ್ಷಕ್ಕೆ ಕೈರೋದಲ್ಲಿ ವೈಭವದ ಮೆರವಣಿಗೆ ಹೊರಡಿಸುತ್ತಿದ್ದರು. ಆ ಪರಂಪರೆಗೆ ಸೇರಿದ ದಾವೂದಿ ಬೋಹ್ರಾ ಮನೆಗಳಲ್ಲಿ ವರ್ಷದ ಮೊದಲ ರಾತ್ರಿ ದೊಡ್ಡ ಥಾಲ್ ತುಂಬ ಬಗೆಬಗೆಯ ತಿನಿಸಿಟ್ಟು, ವರ್ಷವಿಡೀ ಬರಕತ್ ಇರಲೆಂದು ಕುಟುಂಬವೆಲ್ಲ ಸುತ್ತ ಕೂತು ಉಣ್ಣುತ್ತದೆ. ಎರಡನೆಯ ದಿನದಿಂದ ಆಶೂರಾವರೆಗೆ ಪ್ರವಚನಗಳು ನಡೆಯುತ್ತವೆ.

ಜಾವಾದಲ್ಲಿ ಮಾತರಂ ದೊರೆ ಸುಲ್ತಾನ್ ಅಗುಂಗ್ 1633ರಲ್ಲಿ ಶಕ ಪಂಚಾಂಗದ ಎಣಿಕೆಯನ್ನು ಉಳಿಸಿಕೊಂಡೇ ಹಿಜ್ರಿ ತಿಂಗಳುಗಳನ್ನು ಜೋಡಿಸಿದ. ಮೊಹರಂ ಅಲ್ಲಿ 'ಸುರೊ' ಆಯಿತು. ಸುರೊ ತಿಂಗಳ ಮೊದಲ ರಾತ್ರಿ ಯೋಗ್ಯಕರ್ತದಲ್ಲಿ ಸಾವಿರಾರು ಜನ ಅರಮನೆಯ ಕೋಟೆಗೋಡೆಯನ್ನು ಸುತ್ತುತ್ತಾರೆ. ಹಲವರ ಕಾಲಲ್ಲಿ ಚಪ್ಪಲಿ ಇರುವುದಿಲ್ಲ. ಮಾತು, ಊಟ, ನೀರು ಎಲ್ಲಕ್ಕೂ ವಿರಾಮ. ವರ್ಷಾರಂಭದ ಆತ್ಮಪರೀಕ್ಷೆಗೆ ಇದಕ್ಕಿಂತ ಗಂಭೀರ ಸಾರ್ವಜನಿಕ ರೂಪ ಅಪರೂಪ.

ಕರ್ನಾಟಕಕ್ಕೆ ಈ ಇತಿಹಾಸದಲ್ಲಿ ಎರಡು ಬಗೆಯ ಪಾಲಿದೆ. ಒಂದು ಟಿಪ್ಪು ಸುಲ್ತಾನನದು. ಉಮರ್ ಅವರ ಕಾಲದಲ್ಲಿ ಕೈಬಿಟ್ಟಿದ್ದ ಪ್ರವಾದಿ ಜನನದ ಹೆಸರಿನಲ್ಲೇ ಆತ ಮೌಲೂದಿ ಶಕೆ ತಂದ. ಅವನ ನಾಣ್ಯಗಳಲ್ಲಿ ಹಿಜ್ರಿ 1200ರ ಬೆನ್ನಿಗೇ ಮೌಲೂದಿ 1215 ಬರುತ್ತದೆ, ಅಂಕಿಗಳನ್ನೂ ಬಲದಿಂದ ಎಡಕ್ಕೆ ಓದಬೇಕು. ಆ ಶಕೆ ಅವನೊಂದಿಗೇ ಮುಗಿಯಿತು. ಇನ್ನೊಂದು ಪಾಲು ಜನರದು, ಇಂದಿಗೂ ಜೀವಂತ. ಮುದಗಲ್ಲಿನಲ್ಲಿ, ಉತ್ತರ ಕರ್ನಾಟಕದ ಅಸಂಖ್ಯ ಹಳ್ಳಿಗಳಲ್ಲಿ ಮೊಹರಂ ಚಂದ್ರ ಕಂಡ ಮೇಲೆ ಕೈಯಾಕಾರದ ಪಂಜಾಗಳು ಕೂರುತ್ತವೆ, ಬೆಂಕಿ ಹಾಕುವ ಅಲಾಯಿ ಕುಣಿ ತೋಡುತ್ತಾರೆ, ಕರ್ಬಲಾದ ಕಥೆ ಹೇಳುವ ರಿವಾಯತ್ ಪದಗಳನ್ನು ಕನ್ನಡದಲ್ಲೇ ಹಾಡುತ್ತಾರೆ. ಹರಕೆ ಹೊತ್ತವರು ಫಕೀರರಾಗಿ, ದಾರ ಕಟ್ಟಿಕೊಂಡು, ಮನೆಮನೆಗೆ ಹೋಗಿ ಭಿಕ್ಷೆ ಬೇಡುತ್ತಾರೆ. ಚೊಂಗೆ, ಸಕ್ಕರೆ ಓದಿಸುತ್ತಾರೆ. ಹಿಂದೂ ಮನೆಗಳವರೂ ಇದರಲ್ಲಿ ಸಮಪಾಲುದಾರರು. ಉಳ್ಳವನೂ ಕೆಲವು ದಿನ ಜೋಳಿಗೆ ಹಿಡಿದು ಬೇಡುವ ಈ ವ್ರತವನ್ನು ಬರಿಯ ಜಾತ್ರೆಯೆಂದು ನೋಡುವುದು ಅದಕ್ಕೆ ಮಾಡುವ ಅನ್ಯಾಯ.

ಆಚರಣೆಗಳ ಬಗ್ಗೆ ಭಿನ್ನಮತವೂ ಹಳೆಯದೇ. ಇಂಡೋನೇಷ್ಯಾ, ಮಲೇಷ್ಯಾಗಳ ಮಸೀದಿಗಳಲ್ಲಿ ವರ್ಷದ ಕೊನೆಯ ದಿನ ಸಂಜೆಯ ಮಗ್ರಿಬ್ ನಮಾಜಿಗೆ ಮುಂಚೆ ವರ್ಷಾಂತ್ಯದ ದುವಾ, ಮಗ್ರಿಬ್ ಆದ ಮೇಲೆ ವರ್ಷಾರಂಭದ ದುವಾ ಹೇಳಿಸುತ್ತಾರೆ. ಪ್ರವಾದಿಗಳು ಕಲಿಸದ ಇಂಥ ನಿಗದಿತ ದುವಾ ಬಿದ್‌ಅತ್, ಅಂದರೆ ಧರ್ಮದಲ್ಲಿ ಹೊಸದಾಗಿ ಸೇರಿಸಿದ್ದು, ಎಂದು ಸಲಫಿ ವಿದ್ವಾಂಸರು ಆಕ್ಷೇಪಿಸುತ್ತಾರೆ. ದೇವರನ್ನು ಬೇಡಲು ಯಾವ ಹೊತ್ತಾದರೂ ಸರಿ ಎಂಬುದು ಇನ್ನೊಂದು ಪಕ್ಷದ ಉತ್ತರ. ಈ ನಡುವೆ ಮಕ್ಕಾದಲ್ಲೇ ಒಂದು ಬದಲಾವಣೆಯಾಗಿದೆ. ಕಾಬಾಕ್ಕೆ ಹೊದಿಸುವ ಕಪ್ಪು ರೇಷ್ಮೆಯ ಕಿಸ್ವಾವನ್ನು ಹಜ್ಜಿನ ಸಮಯದಲ್ಲಿ, ದುಲ್‌ಹಜ್ ಒಂಬತ್ತರಂದು ಬದಲಿಸುವ ರೂಢಿಯಿತ್ತು. 2022ರಿಂದ ಹೊಸ ಕಿಸ್ವಾ ಹೊದಿಸುವುದು ಮೊಹರಂ ಒಂದನೇ ತಾರೀಖಿನಂದು.