ಒಂದು ಪೈಸೆಯ ಪತ್ರಿಕೆ

ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ನಮ್ಮ ಕಾಲೇಜಿನ ಹುಡುಗರೇ ನಡೆಸುತ್ತಿದ್ದ ಒಂದು ಜರ್ನಲ್ಲಿಗೆ ನಾನೂ ಸೇರಿಕೊಂಡೆ. ಜ್ಞಾನದಾಹ ಗೀನದಾಹ ಏನಿಲ್ಲ, ರೆಸ್ಯೂಮೆಯಲ್ಲಿ ಒಂದು ಸಾಲು ಜಾಸ್ತಿ ಆಗಲಿ ಅಂತ ಅಷ್ಟೇ. ಬಂಗಾರಪೇಟೆಯಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವನಿಗೆ ಹಾಸ್ಟೆಲ್ ಹುಡುಗರ ಗುಂಪಿನಲ್ಲಿ ಜಾಗ ಸಿಗುವುದು ಕಷ್ಟ. ಎರಡು ವರ್ಷ ಹಾಗೇ ಒಬ್ಬನೇ ಕಳೆದಿದ್ದೆ. ಆದರೆ ಪ್ರೂಫ್ ತಿದ್ದುವುದು, ಲೇಖನ ಕೊಡ್ತೀನಿ ಅಂದು ಕೈಕೊಟ್ಟವರ ಬೆನ್ನು ಹತ್ತುವುದು, ಚಿತ್ರದ ಕೆಳಗಿನ ನಂಬರ್ ಸರಿ ಇದೆಯಾ ಅಂತ ಜಗಳ ಆಡುವುದು... ಈ ಬೋರು ಹೊಡೆಸುವ ಕೆಲಸದಲ್ಲೇ ನಾಲ್ಕು ಜನ ಗೆಳೆಯರು ಸಿಕ್ಕರು. ಅವರಲ್ಲಿ ಒಬ್ಬ ಚಾಂಪಿಯನ್ ರೀಫ್ಸಿನವನು. ಎರಡು ವರ್ಷ ನನ್ನದೇ ರೈಲಿನಲ್ಲಿ ಬರುತ್ತಿದ್ದವನು, ಒಂದು ದಿನವೂ ಮಾತಾಡಿಸಿರಲಿಲ್ಲ!

ಒಂದು ಸಂಜೆ ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿನ್ನುವಾಗ (ನಮ್ಮೂರ ಪಾನಿಪುರಿಯ ನೀರು ಹಸಿರಲ್ಲ, ತಿಳಿಯಾಗಿರುತ್ತೆ. ತಿನ್ನದವರು ಒಮ್ಮೆ ಬನ್ನಿ) ನಾನು 'ಪ್ರಬುದ್ಧ ಕರ್ನಾಟಕ'ದ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದೆ. 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ಎ. ಆರ್. ಕೃಷ್ಣಶಾಸ್ತ್ರಿಗಳ ಮುಂದಾಳ್ತನದಲ್ಲಿ ಶುರು ಮಾಡಿದ ತ್ರೈಮಾಸಿಕ ಅದು. ಆಗ ಕನ್ನಡದಲ್ಲಿ ಎಂ.ಎ. ಓದುವುದಕ್ಕೇ ಅವಕಾಶವಿರಲಿಲ್ಲ. ಮೈಸೂರಿನಲ್ಲಿ ಅದು ಬಂದದ್ದು 1927ರಲ್ಲಿ. ಪತ್ರಿಕೆ ಮೊದಲು, ಪದವಿ ಆಮೇಲೆ! ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ಆ ಪತ್ರಿಕೆಯನ್ನು ವಹಿಸಿಕೊಂಡಿತು.

ಎಲ್ಲ ಕೇಳಿಸಿಕೊಂಡು ಅವನಂದ: "ಅದಕ್ಕಿಂತ ಮುಂಚೆನೇ ನಮ್ಮ ಕಡೆಯವರು ಒಂದು ಪೇಪರ್ ಸಾಕಿದ್ರು ಮಗಾ. ಮುತ್ತಾತಂದಿರ ಕಾಲದಲ್ಲಿ. ಅವರೇನು ಕಾಲೇಜಿಗೆ ಹೋದೋರಲ್ಲ, ಗಣಿಗೆ ಇಳಿಯೋರು."

ಆ ಪತ್ರಿಕೆಯ ಹೆಸರು 'ತಮಿಳನ್'. ಅಯೋತ್ತಿದಾಸರು ಎಂಬ ಸಿದ್ಧ ವೈದ್ಯರು 1907ರ ಜೂನ್ 19ರಂದು ಮದ್ರಾಸಿನ ರಾಯಪೇಟೆಯಿಂದ ಹೊರಡಿಸಿದ್ದು. ಮೊದಲ ಹೆಸರು 'ಒರು ಪೈಸಾ ತಮಿಳನ್', ಅಂದರೆ ಬೆಲೆ ಒಂದು ಪೈಸೆ. ಆಗಿನ ಲೆಕ್ಕದಲ್ಲಿ ಕಾಲಾಣೆ, ರೂಪಾಯಿಗೆ ಅರವತ್ತನಾಲ್ಕು. ವಾರಕ್ಕೊಮ್ಮೆ, ನಾಲ್ಕು ಪುಟ. ಅಯೋತ್ತಿದಾಸರು 1898ರಲ್ಲಿ ಕರ್ನಲ್ ಆಲ್ಕಾಟ್ ಜೊತೆ ಸಿಂಹಳಕ್ಕೆ ಹೋಗಿ ಬೌದ್ಧರಾಗಿ ಬಂದವರು. ಅಸ್ಪೃಶ್ಯರು ಎನಿಸಿಕೊಂಡ ತಮ್ಮ ಜನ ಮೂಲತಃ ಬೌದ್ಧರು, ಸೋತವರನ್ನು ಊರಾಚೆಗೆ ತಳ್ಳಿದರು ಎನ್ನುವುದು ಅವರ ವಾದ. ಇದನ್ನು ಹಳೆಯ ತಮಿಳು ಕಾವ್ಯ, ನಿಘಂಟು, ಹಬ್ಬಹುಣ್ಣಿಮೆಗಳಿಂದ ಸಾಧಿಸಲು ವಾರವಾರವೂ ಬರೆದರು. 'ಇಂದಿರರ್ ದೇಶ ಚರಿತ್ರಂ' ಎನ್ನುವುದು ಅಂಥ ಒಂದು ಧಾರಾವಾಹಿ. ಐದು ಇಂದ್ರಿಯಗಳನ್ನು ಗೆದ್ದ ಬುದ್ಧನೇ ಇಂದಿರರ್, ಅವನ ನಾಡೇ ಇಂದಿಯಾ ಅಂತೆ! ಈ ಪದವಿವರಣೆ ನನಗಂತೂ ಒಪ್ಪಿಗೆಯಾಗಲ್ಲ. ಆದರೆ ಚರಿತ್ರೆ ಬರೆಯುವ ಹಕ್ಕು ತಮಗೂ ಇದೆ ಅಂತ ಕೂತು ಬರೆದರಲ್ಲ, ಅದು ಸಣ್ಣ ಮಾತಲ್ಲ.

ಇದಕ್ಕೂ ಕೆಜಿಎಫ್‌ಗೂ ಏನು ಸಂಬಂಧ? 1880ರಿಂದ ಜಾನ್ ಟೇಲರ್ ಕಂಪನಿಯ ಗಣಿಗಳಿಗೆ ಉತ್ತರ ಆರ್ಕಾಟ್ ಮುಂತಾದ ಕಡೆಯಿಂದ ಬಂದು ಸೇರಿದವರಲ್ಲಿ ಬಹುಪಾಲು ಇದೇ ಜನ. ಗಣಿಯವರ ಕಣ್ಣಿಗೆ ಅವರು ಬರೀ ನಂಬರು. ಕಂತ್ರಾಟು ಕೂಲಿಗಳ ಮಣಿಕಟ್ಟಿಗೆ ನಂಬರಿನ ಪಟ್ಟಿಯನ್ನೇ ಕಟ್ಟುತ್ತಿದ್ದರು. ಆ ಕಾಲದಲ್ಲೇ ಮಾರಿಕುಪ್ಪಂನಲ್ಲಿ ಬೌದ್ಧ ಸಂಘದ ಶಾಖೆ ಎದ್ದಿತು. ಶಾಖೆಗಳು ಬೆಂಗಳೂರು, ರಂಗೂನ್, ದಕ್ಷಿಣ ಆಫ್ರಿಕಾದಲ್ಲೂ ಇದ್ದವು. ಆದರೆ ಪತ್ರಿಕೆಗೆ ಹಣ ಕೂಡಿಸಿ ಕೊಟ್ಟು, ಚಂದಾದಾರರನ್ನು ಹುಡುಕಿ, ಸಭೆಯ ವರದಿ, ಸಂದೇಹ ಎಲ್ಲ ಬರೆದು ಕಳಿಸಿ ಅದನ್ನು ಎತ್ತಿ ಹಿಡಿದದ್ದರಲ್ಲಿ ನಮ್ಮ ಗಣಿಯವರದ್ದು ದೊಡ್ಡ ಪಾಲು. ಶಿಫ್ಟು ಮುಗಿಸಿ ಬಂದವನು ಓದಿ ಹೇಳಿದರೆ ಓದು ಬಾರದವರು ಸುತ್ತ ಕೂತು ಕೇಳುತ್ತಿದ್ದರು ಅಂತ ಗೆಳೆಯನ ಮನೆಯಲ್ಲಿ ಈಗಲೂ ಹೇಳುತ್ತಾರೆ.

1914ರ ಮೇ 5ರಂದು ಅಯೋತ್ತಿದಾಸರು ತೀರಿಕೊಂಡರು. ಮಗ ಸ್ವಲ್ಪ ಕಾಲ ನಡೆಸಿದರೂ ಪತ್ರಿಕೆ ನಿಂತಿತು. ಮತ್ತೆ ಹುಟ್ಟಿದ್ದು ಮದ್ರಾಸಿನಲ್ಲಲ್ಲ, ನಮ್ಮ ಕೆಜಿಎಫ್‌ನಲ್ಲಿ! 1926ರಲ್ಲಿ ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ಶುರುವಾಗಿ ಮೂವತ್ತರ ದಶಕದವರೆಗೂ ಬಂತು. ಗಣಿ ಕಂಪನಿ ಬೆರಳಚ್ಚು ತೆಗೆದುಕೊಳ್ಳಲು ಹೊರಟು, ಕಾರ್ಮಿಕರು 21 ದಿನ ಕೆಲಸ ನಿಲ್ಲಿಸಿದ್ದು 1930ರಲ್ಲಿ, ಇದೇ ವರ್ಷಗಳಲ್ಲಿ. ಆಮೇಲೆ ಐವತ್ತರ ದಶಕದಲ್ಲಿ ಚಾಂಪಿಯನ್ ರೀಫ್ಸಿನ ಸಿದ್ಧಾರ್ಥ ಪುತ್ತಕಸಾಲೈ ಅಯೋತ್ತಿದಾಸರ ಬರಹಗಳನ್ನು ಪುಸ್ತಕ ಮಾಡಿತು. ಜಿ. ಅಲೋಶಿಯಸ್ ಅವರು ಹಳೆಯ ಸಂಚಿಕೆಗಳಿಂದ ಎಲ್ಲವನ್ನೂ ಜೋಡಿಸಿ ದೊಡ್ಡ ಸಂಪುಟಗಳಾಗಿ ತಂದದ್ದು 1999ರಲ್ಲಿ. ಎರಡೇ ವರ್ಷಕ್ಕೆ, 2001ರಲ್ಲಿ, ಗಣಿಯೇ ಮುಚ್ಚಿತು.

ಮಾರಿಕುಪ್ಪಂ ನಮ್ಮೂರಿಂದ ಕೆಲವೇ ಸ್ಟೇಷನ್ ದೂರ. ಪ್ರಬುದ್ಧ ಕರ್ನಾಟಕದ ಕತೆ ಗೊತ್ತಿದ್ದ ನನಗೆ ಪಕ್ಕದೂರಿನ ಈ ಕತೆ ಗೊತ್ತಾಗಲು ಇಪ್ಪತ್ತು ವರ್ಷ ಹಿಡಿಯಿತು. ಬಂಗಾರಪೇಟೆಯವರಿಗೆ ತಮಿಳು ಮಾತಾಡಲು ಬರುತ್ತೆ, ಓದಲು ಬರಲ್ಲ. ಅದೂ ಒಂದು ಕಾರಣ ಇರಬಹುದು, ಅದೊಂದೇ ಅಲ್ಲ ಅಂತ ನನಗೂ ಗೊತ್ತು.

ಈಗ ಭಾನುವಾರಗಳಲ್ಲಿ ಗೆಳೆಯ ಆ ಸಂಪುಟ ಹಿಡಿದು ನನಗೆ ಓದಲು ಕಲಿಸುತ್ತಿದ್ದಾನೆ. ಪತ್ರಿಕೆಯ ಹೆಸರಿನಲ್ಲೇ ನಾನು ಎಡವಿದೆ. ಅದು ಳ ಅಲ್ಲ, ೞ. ಹಳಗನ್ನಡದಲ್ಲಿ ನಮಗೂ ಇದ್ದ ಅಕ್ಷರ, ನಾವು ಕಳೆದುಕೊಂಡೆವು. "ಪ್ರೂಫ್ ನೋಡಿದವನು ನೀನೇನಾ?" ಅಂತ ಬೈದ. ಮುಂದಿನ ವಾರ ಎರಡನೇ ಪುಟ :)