ಅಜ್ಜನ ಅಂಗಡಿಯ ರೂಪಾಯಿ ಹಗುರ ಆಗಿದ್ದು ಹೇಗೆ?

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದರ ಬರಹ ರೂಪ ಇದು. ಮಾತಿನ ಓಟದಲ್ಲಿ ಬಿಟ್ಟುಹೋದ ಲೆಕ್ಕಗಳನ್ನು ಇಲ್ಲಿ ಸೇರಿಸಿದ್ದೀನಿ.

ಹೋದ ದಸರಾಕ್ಕೆ ಹೈದರಾಬಾದಿನಿಂದ ಊರಿಗೆ ಹೋಗಿದ್ದೆ. ನಮ್ಮೂರು ತಿಪಟೂರಿನ ಕಡೆ. ಅಟ್ಟದಿಂದ ಇಳಿಸಿದ ತಗಡಿನ ಡಬ್ಬಿಯಲ್ಲಿ 1862ರ ಬೆಳ್ಳಿ ರೂಪಾಯಿ ಒಂದು ಸಿಕ್ಕಿತು. ಒಂದು ಕಡೆ ವಿಕ್ಟೋರಿಯಾ ರಾಣಿ, ಇನ್ನೊಂದು ಕಡೆ ಹೂಬಳ್ಳಿಯ ನಡುವೆ ಬರಹ. ಚಿಕ್ಕಪ್ಪ ಅದನ್ನ ಅಡಿಗೆಮನೆ ತಕ್ಕಡಿ ಮೇಲಿಟ್ಟು, ಇಂಟರ್ನೆಟ್‌ನಲ್ಲಿ ನೋಡಿ, "ತೂಕ ಕಮ್ಮಿ ಇದೆ ಕಣೋ! ಇದು ಎರರ್ ಕಾಯಿನ್. ಇಂಥದ್ದು ಲಕ್ಷಕ್ಕೆ ಹೋಗುತ್ತಂತೆ" ಅಂದ್ರು.

ಮೂಲೆಯಲ್ಲಿ ಹೂ ಕಟ್ಟುತ್ತಾ ಕೂತಿದ್ದ ಅತ್ತೆ ತಲೆ ಎತ್ತಲಿಲ್ಲ. "ಅದನ್ನ ಮಾರೋದು ಬೇಡ. ಅಪ್ಪ ಅಂಗಡೀಲಿ ಇಂಗು, ಏಲಕ್ಕಿ ತೂಗ್ತಿದ್ದ ರೂಪಾಯಿ ಅದು. ಅರ ಹಾಕಿ ಉಜ್ಜಿ ಹಗುರ ಮಾಡಿದ್ದಾನೆ ಅಂತ ಊರಲ್ಲಿ ಮಾತು ಬಂದಿತ್ತು" ಅಂದ್ರು. ಅತ್ತೆಗೆ ಈಗ 78. ಆ ಮಾತು ಕೇಳಿದಾಗ ಅವರು ಇಸ್ಕೂಲಿಗೆ ಹೋಗೋ ಹುಡುಗಿ.

ಅಲ್ಲಿಗೆ ನನ್ನ ಮುಂದೆ ಮೂರು ಸಾಧ್ಯತೆ ನಿಂತವು. ಒಂದು, ಟಂಕಸಾಲೆಯ ತಪ್ಪು. ಎರಡು, ಅಜ್ಜನ ಕೈವಾಡ. ಮೂರು, ಬರೀ ಸವೆತ. ಮೊದಲನೆಯದಾದರೆ ಚಿಕ್ಕಪ್ಪನಿಗೆ ದುಡ್ಡು, ಎರಡನೆಯದಾದರೆ ಅಜ್ಜನ ಹೆಸರಿಗೆ ಮಸಿ. ಯಾವುದು ಅಂತ ಹೇಳೋದು ಹೇಗೆ?

ಹಗುರ ಅನ್ನಬೇಕಾದ್ರೆ ಮೊದಲು ಸರಿಯಾದ ತೂಕ ಯಾವುದು ಅಂತ ಗೊತ್ತಿರಬೇಕು. ಒಂದು ಕಾಲಕ್ಕೆ ಇದೇ ಇರಲಿಲ್ಲ. ಒಂದೊಂದು ಸೀಮೆಗೆ ಒಂದೊಂದು ನಾಣ್ಯ. ನಮ್ಮ ಶಾಸನಗಳಲ್ಲಿ 'ಲೊಕ್ಕಿ ಗದ್ಯಾಣ' ಅಂತ ಬರುತ್ತೆ, ಅಂದ್ರೆ ಇವತ್ತಿನ ಗದಗ ಜಿಲ್ಲೆಯ ಲಕ್ಕುಂಡಿಯ ಕಮ್ಮಟದಲ್ಲಿ ಆದ ಗದ್ಯಾಣ. ಬರೀ ಗದ್ಯಾಣ ಅಂದ್ರೆ ಸಾಲದು, ಯಾವ ಕಮ್ಮಟದ್ದು ಅಂತಲೂ ಹೇಳಬೇಕಿತ್ತು. ಆಮೇಲಿನ ಕಾಲದಲ್ಲಿ ರೂಪಾಯಿ ಹಳೇದಾದಷ್ಟೂ ಚಿನಿವಾರರು ಅದರ ಮೇಲೆ ಬಟ್ಟಾ ಮುರಿದುಕೊಳ್ಳುತ್ತಿದ್ದರು.

ಇದಕ್ಕೆಲ್ಲ ಕೊನೆ ಬಂದದ್ದು 1835ರಲ್ಲಿ. ಕಂಪನಿ ಸರ್ಕಾರ ತನ್ನ ಪ್ರದೇಶಕ್ಕೆಲ್ಲ ಒಂದೇ ರೂಪಾಯಿ ತಂದಿತು. ತೂಕ 180 ಗ್ರೇನ್, ಅದರಲ್ಲಿ 165 ಗ್ರೇನ್ ಶುದ್ಧ ಬೆಳ್ಳಿ. ನಮ್ಮ ಲೆಕ್ಕದಲ್ಲಿ 11.66 ಗ್ರಾಂ. ಅದೇ ಒಂದು ತೊಲ, 96 ಗುಲಗಂಜಿ. ಇದರ ಪರವಾಗಿ ವಾದಿಸಿದವರಲ್ಲಿ ಒಬ್ಬ ಕಲ್ಕತ್ತಾ ಟಂಕಸಾಲೆಯಲ್ಲಿ ಲೋಹದ ಶುದ್ಧತೆ ಪರೀಕ್ಷಿಸುತ್ತಿದ್ದ ಜೇಮ್ಸ್ ಪ್ರಿನ್ಸೆಪ್. ಹೌದು, 1837ರಲ್ಲಿ ಅಶೋಕನ ಬ್ರಾಹ್ಮಿ ಲಿಪಿ ಓದಿದ ಅದೇ ಪ್ರಿನ್ಸೆಪ್! ಒಂದು ಗ್ರೇನಿನ ಸಾವಿರದಲ್ಲಿ ಮೂರು ಪಾಲಿನಷ್ಟು ವ್ಯತ್ಯಾಸ ತೋರಿಸುವ ತಕ್ಕಡಿ ಮಾಡಿದ್ದ ಮನುಷ್ಯ.

ರೂಪಾಯಿಯೇ ಒಂದು ತೊಲ ಅಂತಾದ ಮೇಲೆ ಅಂಗಡಿಯವರಿಗೆ ಬೇರೆ ಬೊಟ್ಟು ಯಾಕೆ ಬೇಕು? ಮೈಸೂರು ಸೀಮೆಯ ಕಚ್ಚಾ ಸೇರು ಅಂದ್ರೆ 24 ರೂಪಾಯಿ ತೂಕ. 'ಒಂದು ರೂಪಾಯಿ ತೂಕದ ಇಂಗು' ಅಂದ್ರೆ ತಕ್ಕಡಿಯ ಒಂದು ತಟ್ಟೆಗೆ ರೂಪಾಯಿ, ಇನ್ನೊಂದಕ್ಕೆ ಇಂಗು. ಅಂಥಾ ರೂಪಾಯಿ ಹಗುರ ಇದ್ರೆ ನಷ್ಟ ಆಗೋದು ಗಿರಾಕಿಗೆ.

ಹೈದರಾಬಾದಿಗೆ ವಾಪಸ್ ಬಂದು 0.01 ಗ್ರಾಂ ತೋರಿಸೋ ಪುಟ್ಟ ತಕ್ಕಡಿ ತರಿಸಿದೆ. ಅಡಿಗೆಮನೆಯದ್ದು ಈ ಕೆಲಸಕ್ಕೆ ಬರಲ್ಲ. ಮೂರು ಸಲ ತೂಗಿದೆ, ಮೂರು ಸಲವೂ 11.08. ಅಂದ್ರೆ 0.58 ಗ್ರಾಂ ಕಮ್ಮಿ. ನೂರಕ್ಕೆ ಐದು, ಹೆಚ್ಚೂಕಮ್ಮಿ ಐದು ಗುಲಗಂಜಿ.

ಇನ್ನು ಟಂಕಸಾಲೆಯ ತಪ್ಪು ಹುಡುಕೋ ಕ್ರಮ. ಲೋಹದ ಪಟ್ಟಿಯನ್ನು ಬೇಕಾದ ದಪ್ಪಕ್ಕೆ ಲಟ್ಟಿಸ್ತಾರೆ. ಅದರಿಂದ ಬಿಲ್ಲೆ ಕತ್ತರಿಸ್ತಾರೆ. ಬಿಲ್ಲೆಯ ಅಂಚನ್ನು ಒತ್ತಿ ಎತ್ತರಿಸ್ತಾರೆ. ಕೊನೆಗೆ ಬಳೆಯಂಥ ಚೌಕಟ್ಟಿನೊಳಗಿಟ್ಟು ಎರಡೂ ಕಡೆ ಅಚ್ಚು ಹೊಡೀತಾರೆ. ತೂಕದ ತಪ್ಪು ಆಗೋದು ಬಹುಪಾಲು ಬಿಲ್ಲೆಯ ಹಂತದಲ್ಲಿ, ಅಂದ್ರೆ ಅಚ್ಚು ಬೀಳುವ ಮೊದಲು. ಹಾಗಾಗಿ ಸೂತ್ರ ಒಂದೇ: ಟಂಕಸಾಲೆಯ ತಪ್ಪಾದರೆ ಅದರ ಗುರುತು ಚಿತ್ರದ ಕೆಳಗಿರುತ್ತೆ, ಚಿತ್ರ ಅದರ ಮೇಲೆ ಮೂಡಿರುತ್ತೆ. ಹೊರಗೆ ಬಂದ ಮೇಲಿನ ಕೆಲಸವಾದರೆ ಗುರುತು ಚಿತ್ರವನ್ನೇ ತಿಂದಿರುತ್ತೆ.

ಪಟ್ಟಿ ತೆಳುವಾಗಿದ್ದರೆ ಅಗಲ ಸರಿ ಇರುತ್ತೆ, ಆದ್ರೆ ಅಚ್ಚಿನ ಆಳ ತುಂಬೋಕೆ ಲೋಹ ಸಾಲದೆ ಚಿತ್ರದ ಎತ್ತರದ ಭಾಗಗಳು ಪೂರ್ತಿ ಮೂಡಿರಲ್ಲ. ಕತ್ತರಿಸುವಾಗ ಹಿಂದಿನ ತೂತಿನ ಮೇಲೆ ಕತ್ತರಿ ಬಿದ್ದಿದ್ದರೆ ನಾಣ್ಯದಲ್ಲಿ ಕಚ್ಚಿದಂಥ ಬಾಗಿದ ಕೊರೆ ಇರುತ್ತೆ. ಅಂಥದ್ದು ಸಿಕ್ಕರೆ ಕೊರೆಯ ಎದುರು ಬದಿ ನೋಡಿ. ಅಂಚು ಒತ್ತುವಾಗ ಕೊರೆಯ ಜಾಗದಲ್ಲಿ ಒತ್ತಡ ಸಿಗದೆ ಎದುರಿನ ಅಂಚೂ ಸಪ್ಪೆಯಾಗಿರುತ್ತೆ. ಯಾರೋ ಆಮೇಲೆ ಕತ್ತರಿಸಿದ್ದಾದರೆ ಎದುರಿನ ಅಂಚು ಗಟ್ಟಿಯಾಗೇ ಇರುತ್ತೆ, ಅಕ್ಷರಗಳು ಕೊರೆಯವರೆಗೂ ಸ್ಪಷ್ಟವಾಗಿ ಬಂದು ಥಟ್ಟನೆ ನಿಂತಿರುತ್ತವೆ. ಬೇರೆ ನಾಣ್ಯದ ಚಿಕ್ಕ ಬಿಲ್ಲೆಗೆ ಅಚ್ಚು ಬಿದ್ದಿದ್ದರೆ ಸುತ್ತಲಿನ ಅಕ್ಷರಗಳಿಗೆ ಜಾಗವೇ ಇರಲ್ಲ. ಆಸಿಡ್‌ನಲ್ಲಿ ಅದ್ದಿದ ನಾಣ್ಯ ತೆಳುವಾಗುತ್ತೆ, ಅಗಲವೂ ಕುಗ್ಗುತ್ತೆ, ಮೈ ತರಿತರಿ ಆಗುತ್ತೆ. ಅದು ಎರರ್ ಅಲ್ಲ, ಹಾಳು ಮಾಡಿದ್ದು.

ಅರ ಹಾಕಿದ್ದಾದರೆ? ಬೆಳ್ಳಿ ಕದಿಯೋನು ಮುಖ ಮುಟ್ಟಲ್ಲ, ಅಂಚು ಉಜ್ಜುತ್ತಾನೆ. ಅಂಚಿನ ಸುತ್ತ ಹಲ್ಲಿನಂಥ ಗೀರು ಇಡೋದೇ ಇಂಥಾ ಕಳ್ಳತನ ಕಣ್ಣಿಗೆ ಬೀಳಲಿ ಅಂತ. 1860ರ ದಂಡ ಸಂಹಿತೆ ಕೂಡ ಇವೆರಡನ್ನೂ ಬೇರೆಬೇರೆ ಅಪರಾಧ ಅಂತ ಬರೆಯಿತು. ಟಂಕಸಾಲೆಯ ನೌಕರ ಬೇಕಂತಲೇ ತಪ್ಪು ತೂಕದ ನಾಣ್ಯ ಮಾಡಿದರೆ 244ನೇ ಸೆಕ್ಷನ್, ಹೊರಗಿನವನು ಮೋಸದಿಂದ ತೂಕ ಇಳಿಸಿದರೆ 246 ಮತ್ತು 247.

ಅಜ್ಜನ ರೂಪಾಯಿಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಕೊರೆ ಇಲ್ಲ. ಅಗಲ ಸರಿ ಇದೆ. ಅಂಚಿನ ಗೀರುಗಳು ಮಾಸಿವೆ, ಆದ್ರೆ ಸುತ್ತಲೂ ಒಂದೇ ಸಮ ಉಳಿದಿವೆ, ಎಲ್ಲೂ ಚಪ್ಪಟೆ ಇಲ್ಲ. ರಾಣಿಯ ಕೆನ್ನೆ, ಕಿರೀಟ, ಸರ ನುಣ್ಣಗಾಗಿವೆ. ಹಿಂದಿನ ಹೂಬಳ್ಳಿಯಲ್ಲಿ ಎತ್ತರದ ಎಲೆಗಳೂ ಹೋಗಿವೆ, ತಗ್ಗಿನ ಗೆರೆಗಳು ಮಾತ್ರ ಇವೆ. ತೆಳು ಬಿಲ್ಲೆಯಲ್ಲೂ ಎತ್ತರದ ಜಾಗವೇ ಸಪ್ಪೆ ಇರುತ್ತೆ ನಿಜ. ಆದ್ರೆ ಅಲ್ಲಿ ಬಿಲ್ಲೆಯ ಮೂಲ ಒರಟು ಮೈ ಹಾಗೇ ಕಾಣುತ್ತೆ. ಇಲ್ಲಿರೋದು ಕೈಯಿಂದ ಕೈಗೆ ಹೋಗಿ ಬಂದ ನುಣುಪು. ನಮ್ಮ ಭಾಷೆಯಲ್ಲಿ ಇದಕ್ಕೊಂದು ಮಾತು ಆಗಲೇ ಇದೆ: ಸವಕಲು ನಾಣ್ಯ.

ಅಲ್ಲಿಗೆ ಚಿಕ್ಕಪ್ಪನ ಲಕ್ಷವೂ ಹೋಯ್ತು, ಅಜ್ಜನ ಮೇಲಿನ ಅರದ ಮಾತೂ ಹೋಯ್ತು. ಖುಷಿಯಿಂದ ಅತ್ತೆಗೆ ಫೋನ್ ಮಾಡೋಕೆ ಹೊರಟವನು ಒಂದು ಲೆಕ್ಕಕ್ಕೆ ನಿಂತುಬಿಟ್ಟೆ. 1906ರ ನಾಣ್ಯ ಕಾಯ್ದೆ ಪ್ರಕಾರ ನೂರಕ್ಕೆ 2ಕ್ಕಿಂತ ಹೆಚ್ಚು ತೂಕ ಕಳೆದುಕೊಂಡ ರೂಪಾಯಿ ಚಲಾವಣೆಗೆ ಸಲ್ಲದು. ಅಂದ್ರೆ ಸುಮಾರು 11.43 ಗ್ರಾಂ ಗಡಿ. ನಮ್ಮದು ಅದಕ್ಕಿಂತ ತುಂಬಾ ಕೆಳಗೆ. ಯಾರೂ ತಗೊಳ್ಳದ ರೂಪಾಯಿ ಅಂತಲೇ ಅದು ಅಂಗಡಿಯ ತಕ್ಕಡಿಗೆ ಬಂದಿರಬಹುದು. 1956ರ ಕಾಯ್ದೆ ಬಂದು, 1962ರ ಹೊತ್ತಿಗೆ ಕಿಲೋ, ಗ್ರಾಂ ಕಡ್ಡಾಯ ಆಗೋವರೆಗೆ ಅದು ಇಂಗು ತೂಗಿರಬಹುದು. ಅಜ್ಜನಿಗೆ ಇದು ಹಗುರ ಅಂತ ಗೊತ್ತಿತ್ತಾ? ಬೆಳ್ಳಿ ಅದನ್ನ ಹೇಳಲ್ಲ.

ಕೊನೆಗೆ ಅತ್ತೆಗೆ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. "ಅರ ಹಾಕಿಲ್ಲ ಅನ್ನೋದು ನಿಜ. ಜನಕ್ಕೆ ಕಮ್ಮಿ ಹೋಗಿದ್ದೂ ನಿಜ. ಹೇಳೋದಾದ್ರೆ ಎರಡೂ ಹೇಳಪ್ಪ" ಅಂದ್ರು. ಅದಕ್ಕೇ ಎರಡೂ ಹೇಳಿದ್ದೀನಿ.

ಹೋಗೋ ಮೊದಲು ನಿಮಗೊಂದು ಮಾತು. ಒಂದು ರೂಪಾಯಿ ನಾಣ್ಯದ ತೂಕವನ್ನ ಸರ್ಕಾರವೇ ಇಳಿಸುತ್ತಾ ಬಂದಿದೆ. ಎಂಬತ್ತರ ದಶಕದ್ದು 6 ಗ್ರಾಂ, 1992ರಿಂದ ಬಂದ ಸ್ಟೀಲಿನದ್ದು 4.85, 2011ರದ್ದು 3.79. ಐದು ರೂಪಾಯಿ 9ರಿಂದ 6ಕ್ಕೆ ಇಳಿದಿದೆ. ಹಾಗಾಗಿ ಎರಡು ನಾಣ್ಯ ಹೋಲಿಸಿ 'ಇದು ಹಗುರ, ಎರರ್' ಅಂತ ಯಾರಾದ್ರೂ ಮಾರೋಕೆ ಬಂದ್ರೆ ಮೊದಲು ಇಸವಿ ನೋಡಿ, ಆಮೇಲೆ ತೂಗಿ, ಆಮೇಲೆ ಅಂಚು ನೋಡಿ. ಇಸವಿಯ ಕೆಳಗೆ ವಜ್ರದಾಕಾರ ಇದ್ರೆ ಅದು ಮುಂಬೈನಲ್ಲಿ ಆದದ್ದು, ನಕ್ಷತ್ರ ಇದ್ರೆ ಹೈದರಾಬಾದ್, ಚುಕ್ಕಿ ಇದ್ರೆ ನೋಯ್ಡಾ, ಏನೂ ಇಲ್ಲದಿದ್ರೆ ಕೋಲ್ಕತ್ತಾ. ಚೆನ್ನೈನವರು ಬೇಜಾರಾಗಬೇಡಿ, ನಿಮ್ಮ ಮಿಂಟ್ ಸ್ಟ್ರೀಟಿನ ತಮಿಳು ಹೆಸರು ತಂಗಸಾಲೈ. ನಮ್ಮ ಟಂಕಸಾಲೆಯ ನೆಂಟನೇ ಅದು.

ಮುಂದಿನ ವಾರ ಸಿಗೋಣ.