ಹಳೆಯ ಸಿಂಪಡಣಾ ಎಂಜಿನ್ ಮತ್ತು ಡೀಸೆಲ್ ಪಂಪ್‌ಸೆಟ್‌ಗಳಲ್ಲಿ ಇಂಧನ ಸೋರಿಕೆ: ಸೀಲುಗಳ ಪರೀಕ್ಷೆ ಮತ್ತು ಬದಲಾವಣೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ದಶಕಗಳಷ್ಟು ಹಳೆಯ ಸಣ್ಣ ಎಂಜಿನ್‌ಗಳು ಇಂದಿಗೂ ದುಡಿಯುತ್ತಿವೆ. ಕುಮುದ್ವತಿ, ವರದಾ, ದಂಡಾವತಿ ಹೊಳೆಗಳ ದಂಡೆಯಲ್ಲಿ ಮತ್ತು ಕೆರೆಗಳ ಅಂಚಿನಲ್ಲಿ ನೀರೆತ್ತುವ ಡೀಸೆಲ್ ಪಂಪ್‌ಸೆಟ್‌ಗಳು, ಅಡಿಕೆ ತೋಟಗಳಲ್ಲಿ ಔಷಧಿ ಸಿಂಪಡಿಸುವ ಪೆಟ್ರೋಲ್ ಹಾಗೂ ಪೆಟ್ರೋಲ್–ಸೀಮೆಎಣ್ಣೆ ಎಂಜಿನ್‌ಗಳು ಇವುಗಳಲ್ಲಿ ಮುಖ್ಯವಾದವು. ಇವುಗಳ ಎರಕದ ಭಾಗಗಳು ಸುಲಭವಾಗಿ ಸೋಲುವುದಿಲ್ಲ. ಮೊದಲು ಸೋಲುವುದು ಟ್ಯಾಂಕಿನಿಂದ ಎಂಜಿನ್‌ವರೆಗಿನ ಇಂಧನ ಕೊಳವೆಯ ಜೋಡಣೆಗಳಲ್ಲಿರುವ ರಬ್ಬರ್, ಕಾರ್ಕ್, ಫೈಬರ್ ಮತ್ತು ತಾಮ್ರದ ಸೀಲುಗಳು.

ಕೆಲವೇ ರೂಪಾಯಿಯ ಈ ಸೀಲು ಕೈಕೊಟ್ಟರೆ ಆಗುವ ನಷ್ಟ ಇಂಧನದ್ದು ಮಾತ್ರವಲ್ಲ. ಕೊಳೆರೋಗದ ಹತೋಟಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಮತ್ತು 100 ಲೀಟರ್ ನೀರಿನ ಪ್ರಮಾಣದಲ್ಲಿ ತಯಾರಿಸುವ ಶೇ. 1ರ ಬೋರ್ಡೋ ದ್ರಾವಣವನ್ನು ಅದೇ ದಿನ ಬಳಸಬೇಕು. ದ್ರಾವಣ ಸಿದ್ಧವಾದ ಮೇಲೆ ಎಂಜಿನ್ ನಿಂತರೆ ಅದು ವ್ಯರ್ಥ. ಮರ ಹತ್ತಲು ಬಂದವರ ಕೂಲಿಯೂ ವ್ಯರ್ಥ. ಮಳೆ ಬಿಡುವು ಕೊಟ್ಟ ಆ ದಿನ ಮರಳಿ ಬರುವುದಿಲ್ಲ. ಬಿಸಿ ಸೈಲೆನ್ಸರ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಯ ಅಪಾಯವೂ ಉಂಟು.

ಈಗೇಕೆ ಹೆಚ್ಚು ಸೋರಿಕೆ?

ಹಿಂದೆ ಹತ್ತು ವರ್ಷ ಬಾಳುತ್ತಿದ್ದ ವಾಷರ್ ಈಗ ಎರಡು ಮಳೆಗಾಲಕ್ಕೆ ಹಾಳಾಗುತ್ತಿದೆ ಎನ್ನುವ ರೈತರ ದೂರಿಗೆ ಆಧಾರವಿದೆ. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ದೊರೆಯಿತು; ಇಂದು ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇದೇ. ಹಳೆಯ ಎಂಜಿನ್‌ಗಳ ಸೀಲುಗಳನ್ನು ಈ ಇಂಧನಕ್ಕಾಗಿ ರೂಪಿಸಿರಲಿಲ್ಲ. ಎಥನಾಲ್ ಸೇರಿದ ಪೆಟ್ರೋಲಿನಲ್ಲಿ ಹಳೆಯ ರಬ್ಬರ್ ಊದಿಕೊಳ್ಳುತ್ತದೆ. ಎಂಜಿನ್ ತಿಂಗಳುಗಟ್ಟಲೆ ಖಾಲಿ ನಿಂತಾಗ ಒಣಗಿ, ಕುಗ್ಗಿ, ಬಿರುಕು ಬಿಡುತ್ತದೆ. ಕೆಲವು ಹಳೆಯ ಕಾರ್ಬ್ಯುರೇಟರ್‌ಗಳ ಕಾರ್ಕ್ ಫ್ಲೋಟಿಗೆ ಲೇಪಿಸಿರುವ ಅರಗಿನ ಪದರವೂ ಎಥನಾಲಿನಲ್ಲಿ ಕರಗುವಂಥದ್ದು.

ಇದರ ಜೊತೆಗೆ ಮಲೆನಾಡಿನ ತೇವ. ಎಥನಾಲ್ ಗಾಳಿಯಲ್ಲಿನ ತೇವಾಂಶವನ್ನು ಹೀರುತ್ತದೆ. ನೀರು ಮಿತಿಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಟ್ಯಾಂಕಿನ ಕಾಕ್ ಇರುವುದೂ ತಳದಲ್ಲಿಯೇ. ಆದುದರಿಂದ ಸೀಲಿನ ಜೊತೆ ಕಾರ್ಬ್ಯುರೇಟರಿನ ಒಳಗೆ ಬಿಳಿ ಪುಡಿಯಂಥ ಸವಕಳಿ ಕಂಡರೆ ಆಶ್ಚರ್ಯಪಡಬೇಕಿಲ್ಲ.

ಸೋರುವ ಜಾಗ ಗುರುತಿಸುವುದು

ಎಂಜಿನ್ ಪೂರ್ಣ ತಣಿದ ಮೇಲೆ, ಬೀಡಿ, ದೀಪ, ಒಲೆಗಳಿಂದ ದೂರ, ಗಾಳಿಯಾಡುವ ನೆರಳಿನಲ್ಲಿ ಕೆಲಸ ಮಾಡಬೇಕು. ಎಲ್ಲ ಜೋಡಣೆಗಳನ್ನು ಬಟ್ಟೆಯಿಂದ ಒರೆಸಿ, ಪ್ರತಿಯೊಂದಕ್ಕೂ ಹಳೆಯ ಪತ್ರಿಕೆಯ ತುಂಡು ಸುತ್ತಿ, ಕಾಕ್ ತೆರೆದು ಅರ್ಧ ಗಂಟೆ ಬಿಡಬೇಕು. ಕಾಗದ ಮೊದಲು ಒದ್ದೆಯಾದ ಜಾಗವೇ ಮೂಲ; ಅದರ ಕೆಳಗಿನವು ಹರಿದು ಬಂದ ಕಲೆಗಳಷ್ಟೇ. ಕೆಳಗಿನ ನಟ್ಟನ್ನು ಬಿಗಿದು ಬಿಗಿದು ಎಳೆ ಕೆಡಿಸಿದ ಎಂಜಿನ್‌ಗಳು ಕಡಿಮೆಯೇನಿಲ್ಲ.

ಬದಲಿಸುವಾಗ

ಕಾಕ್ ಮುಚ್ಚಿ, ಇಂಧನವನ್ನು ಲೋಹದ ಡಬ್ಬಿಗೆ ಇಳಿಸಿಕೊಳ್ಳಬೇಕು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟರೆ ವಾಷರ್‌ಗಳ ಕ್ರಮ ತಪ್ಪುವುದಿಲ್ಲ. ಹೊಸ ಓ-ರಿಂಗ್ ಕೊಳ್ಳಲು ಹಳೆಯದನ್ನೇ ಮಾದರಿಯಾಗಿ ಅಂಗಡಿಗೆ ಒಯ್ಯುವುದು ವಾಡಿಕೆ. ಆದರೆ ಹಳೆಯದು ಊದಿರುತ್ತದೆ ಅಥವಾ ಚಪ್ಪಟೆಯಾಗಿರುತ್ತದೆ. ಅಳೆಯಬೇಕಾದದ್ದು ಅದು ಕೂರುವ ಗಾಡಿಯ ಅಗಲ, ಆಳ ಮತ್ತು ವ್ಯಾಸವನ್ನು. ಬಿಗಿದಾಗ ರಿಂಗಿನ ದಪ್ಪದ ಸುಮಾರು ಐದನೇ ಒಂದು ಭಾಗ ಅಮುಕಿಕೊಳ್ಳುವಂತಿದ್ದರೆ ಸರಿ.

ಪೆಟ್ರೋಲ್ ಎಂಜಿನ್‌ಗೆ ಫ್ಲೋರೋಕಾರ್ಬನ್ ರಬ್ಬರಿನ, ಅಂದರೆ ಅಂಗಡಿಗಳಲ್ಲಿ ‘ವೈಟಾನ್’ ಎಂದು ಕರೆಯುವ ಓ-ರಿಂಗನ್ನೇ ಬಳಸಬೇಕು. ಬಣ್ಣ ನೋಡಿ ನಂಬಬಾರದು. ಪೊಟ್ಟಣದ ಮೇಲಿನ ಹೆಸರು ಓದಬೇಕು. ಡೀಸೆಲ್ ಎಂಜಿನ್‌ಗೆ ಸಾಮಾನ್ಯ ನೈಟ್ರೈಲ್ ರಬ್ಬರ್ ಸಾಕು, ಹೆಚ್ಚಿನ ಖರ್ಚು ಅನಗತ್ಯ. ಹನಿ ನೀರಾವರಿ ಅಥವಾ ನೀರಿನ ಪಂಪಿನ ರಿಂಗುಗಳು ಮನೆಯಲ್ಲಿ ಕೈಗೆ ಸಿಗುತ್ತವೆಂದು ಹಾಕುವುದುಂಟು. ನೀರಿಗೆ ಬಳಸುವ ಇಪಿಡಿಎಂ ರಬ್ಬರ್ ಪೆಟ್ರೋಲ್, ಡೀಸೆಲ್ ಎರಡರಲ್ಲೂ ಬೇಗ ಊದಿ ಹಾಳಾಗುತ್ತದೆ.

ತಾಮ್ರದ ವಾಷರ್ ಬಿಗಿತದಿಂದ ಗಡಸಾಗಿರುತ್ತದೆ. ಅದನ್ನು ಎಂಜಿನ್‌ನಿಂದ ದೂರ ಒಯ್ದು ಮಂದ ಕೆಂಪಾಗುವವರೆಗೆ ಕಾಯಿಸಿ, ತಣಿಸಿ, ಕರಿ ಪೊರೆ ಉಜ್ಜಿ ತೆಗೆದರೆ ಮತ್ತೆ ಮೃದುವಾಗುತ್ತದೆ. ಗೀರು ಬಿದ್ದಿದ್ದರೆ ಈ ಉಪಾಯ ನಡೆಯದು. ಅಲ್ಯೂಮಿನಿಯಂ ಮತ್ತು ಫೈಬರ್ ವಾಷರ್‌ಗಳನ್ನು ಕಾಯಿಸದೆ ಹೊಸದನ್ನೇ ಹಾಕಬೇಕು.

ಕೊಳವೆಯನ್ನು ತುಂಡರಿಸಿ ಜೋಡಿಸುವ ಬದಲು ಪೂರ್ತಿ ಬದಲಿಸುವುದು ಲೇಸು. ಪಾರದರ್ಶಕ ಲೆವೆಲ್ ಪೈಪ್ ಇಂಧನಕ್ಕೆ ತಕ್ಕದ್ದಲ್ಲ. ಕೆಲವೇ ತಿಂಗಳಲ್ಲಿ ಗಟ್ಟಿಯಾಗಿ ತುದಿಯಲ್ಲಿ ಸೀಳುತ್ತದೆ. ಸಿಲಿಕಾನ್ ಅಂಟು ಪೆಟ್ರೋಲಿನಲ್ಲಿ ಊದಿ ಕಿತ್ತುಬರುತ್ತದೆ. ಅದರ ಚೂರು, ಟೆಫ್ಲಾನ್ ಟೇಪಿನ ಎಳೆ, ಎರಡೂ ಜೆಟ್ಟಿನ ಸಣ್ಣ ರಂಧ್ರವನ್ನು ಕಟ್ಟುತ್ತವೆ. ಸೋರುವ ಜಾಗಕ್ಕೆ ಬಾರ್ ಸಾಬೂನು ಮೆತ್ತುವ ಹಳ್ಳಿಯ ಉಪಾಯ ಅಪ್ಪಟ ಪೆಟ್ರೋಲಿನ ಕಾಲದಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಸಾಬೂನು ಎಥನಾಲಿನಲ್ಲಿ ಕರಗುವುದರಿಂದ ಈಗ ಅದರ ಮೇಲೆ ಭರವಸೆಯಿಡುವಂತಿಲ್ಲ.

ಡೀಸೆಲ್ ಪಂಪ್‌ಸೆಟ್

ಇಂಗ್ಲೆಂಡಿನ ಲಿಸ್ಟರ್ ಕಂಪನಿಯ ನಿಧಾನಗತಿಯ ಎಂಜಿನ್ ಮಾದರಿಯಲ್ಲಿ ನಮ್ಮ ದೇಶದಲ್ಲಿ ತಯಾರಾದ ಯಂತ್ರಗಳಲ್ಲಿ ದೋಷ ಬಹುಶಃ ಕಣ್ಣಿಗೆ ಕಾಣುವುದಿಲ್ಲ. ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಹೋಗುತ್ತದೆ. ಟ್ಯಾಂಕ್ ತುಂಬಿದ್ದಾಗ ಸರಿಯಾಗಿ ಓಡಿ, ಮಟ್ಟ ಇಳಿದಾಗ ಅಥವಾ ಫಿಲ್ಟರ್ ಕಟ್ಟಿದಾಗ ಏರಿಳಿದು ನಿಲ್ಲುವುದು ಇದರ ಲಕ್ಷಣ. ಇಂಥಲ್ಲಿ ದುಬಾರಿ ಇಂಧನ ಪಂಪನ್ನು ಬಿಚ್ಚಿಸುವ ಮೊದಲು ಫಿಲ್ಟರ್ ಬದಲಿಸಿ, ಅದರ ಬಟ್ಟಲಿನ ರಿಂಗ್ ಮತ್ತು ಬ್ಯಾಂಜೊ ಬೋಲ್ಟಿನ ಎರಡೂ ಬದಿಯ ವಾಷರ್‌ಗಳನ್ನು ಹೊಸದಾಗಿ ಹಾಕಬೇಕು. ಅನಂತರ ಏರ್ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಹರಿಸಿ ಬಿಗಿಯಬೇಕು.

ಇಂಜೆಕ್ಟರ್ ಕಡೆಯ ಉಕ್ಕಿನ ಕೊಳವೆಯ ಸೋರಿಕೆಯನ್ನು ಬೆರಳಿನಿಂದ ಎಂದೂ ಪರೀಕ್ಷಿಸಬಾರದು. ರಟ್ಟು ಹಿಡಿದು ನೋಡಬೇಕು. ಅಧಿಕ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೊಕ್ಕರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು.

ಖಾಲಿ ನಿಲ್ಲುವ ತಿಂಗಳುಗಳು

ಸಿಂಪಡಣಾ ಎಂಜಿನ್ ಮಳೆಗಾಲ ಮುಗಿದ ಮೇಲೆ ಮುಂದಿನ ಮೇ ತಿಂಗಳವರೆಗೆ ಮೂಲೆ ಸೇರುತ್ತದೆ. ಬೇಸಿಗೆ ಬೆಳೆಯ ಪಂಪ್‌ಸೆಟ್ ಮಳೆ ಹಿಡಿಯುತ್ತಲೇ ಕೊಟ್ಟಿಗೆ ಸೇರುತ್ತದೆ. ಪೆಟ್ರೋಲ್ ಎಂಜಿನ್‌ನ ಟ್ಯಾಂಕನ್ನು ಪೂರ್ತಿ ಬರಿದುಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು. ಡೀಸೆಲ್ ಟ್ಯಾಂಕನ್ನು ಇದಕ್ಕೆ ವಿರುದ್ಧವಾಗಿ ತುಂಬಿಸಿಟ್ಟರೆ ಒಳಗೆ ನೀರು ಹನಿಗಟ್ಟುವುದು ಕಡಿಮೆ. ಸಿಂಪಡಣಾ ಎಂಜಿನ್ ಅನ್ನು ಏಪ್ರಿಲ್ ಕೊನೆಯಲ್ಲಿಯೇ ಒಮ್ಮೆ ನೀರು ಸಿಂಪಡಿಸಿ ಅರ್ಧ ಗಂಟೆ ಓಡಿಸಿ ನೋಡುವುದು ಸೂಕ್ತ. ಆಗ ಸೋರಿಕೆ ಕಂಡರೆ ಶಿರಾಳಕೊಪ್ಪ ಅಥವಾ ಆನವಟ್ಟಿಯಲ್ಲಿ ಸಿಗದ ರಿಂಗನ್ನು ಶಿವಮೊಗ್ಗದಿಂದ ತರಿಸಲು ಸಮಯವಿರುತ್ತದೆ.